ರಾಜ ಪ್ರೀತಿಸಿದ, ಅವಳು?

ಸಾವು ಹೊಸ್ತಿಲಿಗೆ ಬಂದು ನಿಂತಾಗ ಅವಳು ಕೇಳಿದ್ದು ಗೆಳತಿಯರನ್ನು. ರಾಜ ಓಡಿಬಂದು ಹಾಸಿಗೆಯ ಪಕ್ಕದಲ್ಲೇ ಕೂತಿದ್ದಾನೆ. ಅವಳು ಮಾತ್ರ ಕ್ಯೊಂಗ್‌ಹಿ ಎಲ್ಲಿ, ಬೊಗ್ಯೊನ್ ಎಲ್ಲಿ ಎಂದು ಹುಡುಕುತ್ತಾಳೆ. ಮುಂದಿನ ಜನ್ಮದಲ್ಲಿ ನನ್ನನ್ನು ಕಂಡರೂ ಕಾಣದವರಂತೆ ಹಾದುಹೋಗಿಬಿಡಿ ಎಂದು ಅವನಲ್ಲಿ ಬೇಡಿಕೊಳ್ಳುತ್ತಾಳೆ. ನನ್ನ ಮೇಲೆ ನಿನಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲವೇ ಎಂದು ಅವನು ಒಡೆದ ದನಿಯಲ್ಲಿ ಕೇಳುತ್ತಾನೆ. ಅವಳು ಇತ್ತು ಎನ್ನುವುದಿಲ್ಲ, ಇರಲಿಲ್ಲ ಎಂದೂ ಅನ್ನುವುದಿಲ್ಲ. ನಿಜವಾಗಿ ಬೇಡವಾಗಿದ್ದರೆ ಹೇಗಾದರೂ ಓಡಿಹೋಗುತ್ತಿದ್ದೆ, ತಮ್ಮ ಬಳಿ ಉಳಿದದ್ದು ನನ್ನದೇ ಆಯ್ಕೆ, ಅದು ತಮಗೆ ಇನ್ನೂ ತಿಳಿಯಲಿಲ್ಲವೇ ಎಂಬರ್ಥದ ಮಾತಾಡಿ ಕಣ್ಣು ಮುಚ್ಚುತ್ತಾಳೆ.

ಕೊರಿಯಾದ ಎಂಬಿಸಿ ವಾಹಿನಿಯಲ್ಲಿ 2021ರ ನವೆಂಬರ್ 12ರಿಂದ 2022ರ ಜನವರಿ 1ರವರೆಗೆ ಪ್ರಸಾರವಾದ ‘ದಿ ರೆಡ್ ಸ್ಲೀವ್’ ಧಾರಾವಾಹಿಯ ಕೊನೆಯ ಕಂತಿನ ದೃಶ್ಯ ಇದು. ಹದಿನಾರು ಕಂತುಗಳೆಂದು ಯೋಜಿಸಿದ್ದು ಒಂದು ಹೆಚ್ಚಾಗಿ ಹದಿನೇಳಾಯಿತು. ಮೊದಲ ಕಂತಿಗೆ ಶೇ. 5.7ರಷ್ಟಿದ್ದ ವೀಕ್ಷಣಾ ಪ್ರಮಾಣ ಮುಗಿಯುವಾಗ ಶೇ. 17.4ಕ್ಕೆ ಏರಿತ್ತು. ಪ್ರಚಾರದ ಬಲದಿಂದ ಹೀಗಾಗುವುದಿಲ್ಲ, ನೋಡಿದವರು ನೋಡದವರಿಗೆ ಹೇಳಿದರೆ ಆಗುತ್ತದೆ. ನಾಯಕನಾಗಿ ನಟಿಸಿದ ಲೀ ಜುನ್-ಹೊ 2022ರ ಬೆಕ್‌ಸಾಂಗ್ ಪ್ರಶಸ್ತಿಯಲ್ಲಿ ಟಿವಿ ವಿಭಾಗದ ಅತ್ಯುತ್ತಮ ನಟನಾದರು. ಅದಾದ ಮೇಲೆ ಎಷ್ಟೋ ಅರಮನೆ ಪ್ರೇಮಕಥೆಗಳು ಬಂದುಹೋಗಿವೆ. ಆದರೂ ಕೊರಿಯಾದ ಐತಿಹಾಸಿಕ ಪ್ರೇಮಕಥೆಗಳು ಏನು ಮಾಡಬಲ್ಲವು, ಎಲ್ಲಿ ಸೋಲುತ್ತವೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಅದರ ಗೆಲುವು ಮತ್ತು ಸೋಲು ಎರಡೂ ಒಂದೇ ಪ್ರಶ್ನೆಯ ಸುತ್ತ ಇವೆ: ಇಲ್ಲ ಎನ್ನುವ ಹಕ್ಕೇ ಇಲ್ಲದ ಹೆಣ್ಣು ಹೌದು ಎಂದಾಗ ಆ ಹೌದಿಗೆ ಅರ್ಥ ಎಷ್ಟು?

ಕಥೆಯ ನಾಯಕ ಯಿ ಸಾನ್ ಕಲ್ಪನೆಯ ರಾಜಕುಮಾರನಲ್ಲ. 1776ರಿಂದ 1800ರವರೆಗೆ ಜೋಸನ್ ರಾಜ್ಯವನ್ನಾಳಿದ, ಕೊರಿಯನ್ನರು ಇಂದಿಗೂ ಗೌರವದಿಂದ ನೆನೆಯುವ ಜೋಂಗ್ಜೊ ದೊರೆ ಅವನು. ಹತ್ತು ವರ್ಷದ ಹುಡುಗನಾಗಿದ್ದಾಗ, 1762ರ ಬೇಸಿಗೆಯಲ್ಲಿ, ಅವನ ತಂದೆ ಯುವರಾಜ ಸಾದೊನನ್ನು ಅಜ್ಜ ಯೋಂಗ್ಜೊ ದೊರೆಯೇ ಅಕ್ಕಿಯ ಪೆಟ್ಟಿಗೆಯೊಳಗೆ ಮುಚ್ಚಿಸಿದ. ಎಂಟು ದಿನಗಳ ನಂತರ ಸಾದೊ ಅದರೊಳಗೇ ಸತ್ತ. ತಂದೆಯನ್ನು ಕೊಂದ ಅಜ್ಜನ ಮುಂದೆ ಪ್ರತಿದಿನ ಮಂಡಿಯೂರಿ, ಪಾಠ ಒಪ್ಪಿಸಿ, ಸಿಂಹಾಸನಕ್ಕೆ ಯೋಗ್ಯ ಎಂದು ತೋರಿಸಿಕೊಳ್ಳುತ್ತ ಬೆಳೆದವನು ಈ ಹುಡುಗ.

ನಾಯಕಿ ಸೊಂಗ್ ದೊಗಿಮ್ ಕೂಡ ಇತಿಹಾಸದಲ್ಲಿದ್ದವಳೇ. 1753ರಲ್ಲಿ ಹುಟ್ಟಿ, ಚಿಕ್ಕವಳಿದ್ದಾಗಲೇ ಅರಮನೆಯ ಊಳಿಗಕ್ಕೆ ಸೇರಿದಳು. 1773ರಲ್ಲಿ ಸಾನ್‌ನ ತಂಗಿಯರಾದ ರಾಜಕುಮಾರಿಯರ ಜೊತೆ ಕೂತು ‘ಕ್ವಾಕ್‌ಜಾಂಗ್ ಯಾಂಗ್‌ಮುನ್‌ರೊಕ್’ ಎಂಬ ಹತ್ತು ಸಂಪುಟಗಳ ಕಾದಂಬರಿಯನ್ನು ಕೈಬರಹದಲ್ಲಿ ಪ್ರತಿ ಮಾಡಿದವರಲ್ಲಿ ಅವಳೂ ಒಬ್ಬಳು. ಆ ಪ್ರತಿ ಉಳಿದುಬಂದಿದೆ. ಧಾರಾವಾಹಿಯ ದೊಗಿಮ್ ಗೆಳತಿಯರಿಗೆ ಕತೆ ಓದಿ ಹೇಳುವುದು, ಪುಸ್ತಕ ನಕಲು ಮಾಡಿ ನಾಲ್ಕು ಕಾಸು ಕೂಡಿಡುವುದು ಈ ಬೇರಿನಿಂದ ಚಿಗುರಿದ ಚಿತ್ರ.

ಇವರಿಬ್ಬರ ನಡುವೆ ಏನು ನಡೆಯಿತು ಎನ್ನುವುದಕ್ಕೆ ಸಾಕ್ಷಿ ಹೇಳುವವನು ರಾಜನೇ. ಅವಳು 1786ರಲ್ಲಿ ತೀರಿಕೊಂಡ ಮೇಲೆ ಅವಳ ಸಮಾಧಿಗಾಗಿ ಜೋಂಗ್ಜೊ ತಾನೇ ಚರಮಬರಹ ಬರೆದ. ಹದಿಹರೆಯದಲ್ಲಿ ಅವಳನ್ನು ಬಯಸಿ ಕರೆದಾಗ ಅವಳು ಅತ್ತು ನಿರಾಕರಿಸಿದಳು, ತಮ್ಮ ಪತ್ನಿಗೆ ಇನ್ನೂ ಮಕ್ಕಳಾಗಿಲ್ಲ, ಪ್ರಾಣ ಹೋದರೂ ಈ ಆಜ್ಞೆಯನ್ನು ಪಾಲಿಸಲಾರೆ ಎಂದಳು, ನಾನು ಒತ್ತಾಯಿಸಲಿಲ್ಲ ಎಂದು ಅದರಲ್ಲಿದೆ. ಹದಿನೈದು ವರ್ಷ ಕಳೆದು, ಅವನು ರಾಜನಾದ ಮೇಲೆ, ಮತ್ತೆ ಕರೆದ. ಅವಳು ಮತ್ತೆ ಒಲ್ಲೆ ಎಂದಳು. ಆಗ ಅವನು ಅವಳ ಕೈಕೆಳಗಿನ ಸೇವಕರನ್ನು ಶಿಕ್ಷಿಸಿದ. ಆಮೇಲೆ ಅವಳು ಒಪ್ಪಿದಳು.

ಈ ಕೊನೆಯ ಎರಡು ವಾಕ್ಯಗಳನ್ನು ಮೊದಲ ಸಲ ತಿಳಿದಾಗ ನನ್ನ ಮೈ ಜುಮ್ಮೆಂದಿತ್ತು. ಎದೆಯಾಳದ ದುಃಖದಿಂದ ಬರೆದ ಬರಹ ಅದು, ಅನುಮಾನವಿಲ್ಲ. ಅವಳ ಒಪ್ಪಿಗೆಯನ್ನು ಯಾವ ಬೆಲೆಗೆ ಪಡೆದೆ ಎಂಬುದನ್ನು ಮುಚ್ಚಿಡದ ಬರಹವೂ ಹೌದು. ಅವಳ ಕಡೆಯ ಮಾತು ಮಾತ್ರ ಎಲ್ಲೂ ಇಲ್ಲ. ಈ ಖಾಲಿ ಜಾಗದ ಮೇಲೆಯೇ ಕಾಂಗ್ ಮಿ-ಕಾಂಗ್ ಅವರ 2017ರ ಕಾದಂಬರಿ ನಿಂತಿದೆ. ಅದನ್ನು ಚಿತ್ರಕಥೆಗಾರ್ತಿ ಜಂಗ್ ಹೆ-ರಿ ಮತ್ತು ನಿರ್ದೇಶಕಿ ಜಂಗ್ ಜಿ-ಇನ್ ತೆರೆಗೆ ತಂದರು. ರಾಜ ಊಳಿಗದವಳನ್ನು ಪ್ರೀತಿಸಿದ, ಊಳಿಗದವಳು ರಾಜನನ್ನು ಪ್ರೀತಿಸಿದಳೇ ಎಂಬುದೇ ಅವರು ಹಿಡಿದ ಪ್ರಶ್ನೆ.

ಅರಮನೆಯ ಊಳಿಗದ ಹೆಣ್ಣನ್ನು ಕೊರಿಯನ್ನರು ಗುಂಗ್‌ನ್ಯೊ ಎನ್ನುತ್ತಾರೆ. ನಾಲ್ಕೋ ಆರೋ ಎಂಟೋ ವರ್ಷದ ಕೂಸಾಗಿದ್ದಾಗ ಒಳಗೆ ಬಂದರೆ ಬದುಕಿಡೀ ಅಲ್ಲೇ. ವಯಸ್ಸಿಗೆ ಬಂದಾಗ ಅವಳಿಗೊಂದು ಶಾಸ್ತ್ರ ನಡೆಯುತ್ತದೆ. ಹೊಸ ಉಡುಗೆ, ಸಿಂಗಾರ, ಹಬ್ಬ, ಎಲ್ಲವೂ ಮದುವೆಯ ಹಾಗೆಯೇ. ಗಂಡು ಮಾತ್ರ ಇರುವುದಿಲ್ಲ. ಅಂದಿನಿಂದ ಅವಳು ರಾಜನವಳು, ರಾಜ ಅವಳ ಮುಖವನ್ನೇ ನೋಡದಿದ್ದರೂ. ಬೇರೆ ಗಂಡಸನ್ನು ಬಯಸಿದರೆ ಮರಣದಂಡನೆ. ಶೀರ್ಷಿಕೆಯಲ್ಲಿರುವ ಕೆಂಪು ತೋಳಿನ ಅಂಚು ಅದರ ಗುರುತು. ನೋಡುವುದಕ್ಕೆ ಚೆಂದದ ಅಂಚು, ಒಡೆತನದ ಮುದ್ರೆ.

ಇಂಥ ಲೋಕದಲ್ಲಿ ದೊಗಿಮ್ ಸಂತೋಷವಾಗಿದ್ದಾಳೆ. ಇದೇ ಈ ಧಾರಾವಾಹಿಯ ದೊಡ್ಡ ಶಕ್ತಿ. ಗುಂಗ್‌ನ್ಯೊ ಎಂದರೆ ರಾಜನ ಕಣ್ಣಿಗೆ ಬೀಳಲು ಕಾಯುವವಳು ಎಂದು ಎಷ್ಟೋ ಕಥೆಗಳು ನಮಗೆ ಕಲಿಸಿಬಿಟ್ಟಿವೆ. ಇಲ್ಲಿ ಅವಳಿಗೆ ಕೆಲಸವಿದೆ, ಸಂಬಳವಿದೆ, ಓದುವ ಹುಚ್ಚಿದೆ, ಒಂದೇ ಕೋಣೆಯಲ್ಲಿ ಮಲಗಿ ಗುಸುಗುಸು ಮಾತಾಡುವ ಮೂವರು ಗೆಳತಿಯರಿದ್ದಾರೆ. ಉಪಪತ್ನಿಯಾದರೆ ಇದೆಲ್ಲ ಹೋಗುತ್ತದೆ. ಪದವಿ ಏರಿದ ಕೂಡಲೇ ಗೆಳತಿಯರೂ ತಲೆ ತಗ್ಗಿಸಿ ನಿಲ್ಲಬೇಕು. ಹಗಲೆಲ್ಲ ಒಂದು ಕೋಣೆಯಲ್ಲಿ ಕೂತು, ರಾಜ ಬರುವನೋ ಇಲ್ಲವೋ ಎಂದು ಕಾಯುವುದೇ ಉಳಿದ ಕೆಲಸ. ಅವನನ್ನು ಪ್ರೀತಿಸಿಬಿಟ್ಟರೆ ಆ ಕಾಯುವಿಕೆ ತನ್ನನ್ನು ತಿಂದುಹಾಕುತ್ತದೆ ಎಂದು ಅವಳಿಗೆ ಗೊತ್ತು. ಆದ್ದರಿಂದ ಅವಳ ನಿರಾಕರಣೆಯಲ್ಲಿ ಬಿಂಕವಿಲ್ಲ, ಕಥೆ ಎಳೆಯುವ ಉಪಾಯವೂ ಅಲ್ಲ. ತನ್ನದೆಂದು ಹೇಳಿಕೊಳ್ಳಲು ಅಂಗೈಯಗಲದ ಬದುಕಿರುವವಳು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಾಳೆ. ನಿನ್ನ ಜೊತೆ ಒಂದು ಸಂಸಾರವಾಗಬೇಕು ಎಂದು ಸಾನ್ ಹೇಳುತ್ತಾನೆ. ಅಪ್ಪನನ್ನು ಹಾಗೆ ಕಳೆದುಕೊಂಡವನ ಬಾಯಲ್ಲಿ ಅದು ಎಂಥ ಆಳದ ಮಾತು! ಆ ಸಂಸಾರದ ಖರ್ಚನ್ನೆಲ್ಲ ಭರಿಸಬೇಕಾದವಳು ತಾನು ಎಂಬುದು ಅವಳಿಗೆ ಕಾಣುತ್ತಿದೆ, ಅವನಿಗೆ ಕಾಣುತ್ತಿಲ್ಲ.

ದೊಗಿಮ್ ಪಾತ್ರದ ಲೀ ಸೆ-ಯಂಗ್ ಅವರ ನಟನೆ ಇಲ್ಲದಿದ್ದರೆ ಇದು ವಾದವಾಗಿ ಉಳಿಯುತ್ತಿತ್ತು. ‘ಜುವೆಲ್ ಇನ್ ದ ಪ್ಯಾಲೇಸ್’ನಲ್ಲಿ ಪುಟ್ಟ ಹುಡುಗಿಯಾಗಿ ನಟಿಸಿದ್ದವರು ಅವರು, ಅರಮನೆಯ ಉಡುಗೆ, ನಡಿಗೆ, ಬಾಗುವಿಕೆ ಅವರ ಮೈಗೆ ಒಗ್ಗಿದೆ. ದೊಗಿಮ್ ತಲೆ ತಗ್ಗಿಸಿದಾಗ ಅವಳ ಮುಖ ನಮಗೆ ಕಾಣುತ್ತದೆ, ರಾಜನಿಗೆ ಕಾಣುವುದಿಲ್ಲ. ಅವಳ ಮನಸ್ಸಿನ ಮಾತೆಲ್ಲ ನಡೆಯುವುದು ಆ ತಗ್ಗಿದ ಮುಖದಲ್ಲಿ. ಲೀ ಜುನ್-ಹೊ ಅವರ ಸಾನ್ ಹಟಮಾರಿ, ಮುಂಗೋಪಿ, ಪುಸ್ತಕದ ಹುಳು, ಶಿಸ್ತಿನ ಗುಲಾಮ. ಇದು ಇತಿಹಾಸಕ್ಕೆ ದೂರವಲ್ಲ. ಜೋಂಗ್ಜೊ ತನ್ನ ಮಂತ್ರಿ ಶಿಮ್ ಹ್ವಾನ್-ಜಿಗೆ ಗುಟ್ಟಾಗಿ ಬರೆದ ಪತ್ರಗಳ ಕಟ್ಟು 2009ರಲ್ಲಿ ಬೆಳಕಿಗೆ ಬಂದಾಗ, ಸಿಟ್ಟು ಬಂದರೆ ಬೈಗುಳಕ್ಕೂ ಹಿಂಜರಿಯದ ರಾಜನೊಬ್ಬ ಅಲ್ಲಿ ಕಾಣಿಸಿದ್ದ. ಇನ್ನು ಯೋಂಗ್ಜೊ ಪಾತ್ರದ ಲೀ ದೊಕ್-ಹ್ವಾ. ಎಂಬತ್ತು ದಾಟಿ ಮರೆವು ಕವಿದ ಮುದುಕ ಒಂದು ಕ್ಷಣ ಮೊಮ್ಮಗನ ಮೇಲೆ ಪ್ರಾಣ ಇಟ್ಟವನಂತೆ, ಮರುಕ್ಷಣ ಅವನನ್ನೂ ಕೊಲ್ಲಿಸಬಲ್ಲವನಂತೆ ನೋಡುವಾಗ ಆ ಇಡೀ ವಂಶದ ರೋಗ ಒಂದೇ ಮುಖದಲ್ಲಿ ಕಂಡುಬಿಡುತ್ತದೆ.

ಇಲ್ಲೊಂದು ವಿಷಯ ಹೇಳಬೇಕು. ನನ್ನ ತಾಯಿಗೆ ಇಂಗ್ಲಿಷ್ ಅಡಿಬರಹ ಓದಲು ಬರುವುದಿಲ್ಲ. ಕೆಲವು ಕಂತುಗಳನ್ನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ತೋರಿಸಿದೆ. ಮೊದಲ ದೃಶ್ಯದಲ್ಲೇ ತಡವರಿಸಿದೆ. ಇಂಗ್ಲಿಷಿನ ಒಂದೇ ಪದಕ್ಕೆ ನಾನು ಪ್ರತಿ ಸಲ ನೀನು, ನೀವು, ತಾವು ಈ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ಹಾಗೆ ಆರಿಸುತ್ತ ಹೋದಾಗ ಕಥೆ ಬೇರೆಯೇ ಆಗಿ ತೆರೆದುಕೊಂಡಿತು. ಕೊರಿಯನ್ ಭಾಷೆಯಲ್ಲಿ ಈ ಮೆಟ್ಟಿಲುಗಳು ನಮಗಿಂತಲೂ ಹೆಚ್ಚು. ಊಳಿಗದವಳು ತನ್ನನ್ನು ತಾನು ‘ನಾನು’ ಎನ್ನುವುದಿಲ್ಲ; ಈ ಅಲ್ಪಳು ಎಂಬರ್ಥದ ‘ಸೊಇನ್’ ಎನ್ನುತ್ತಾಳೆ. ಉಪಪತ್ನಿಯಾದ ಮೇಲೆ ಅದು ದೊರೆಯ ಅಡಿಯಾಳಾದ ಉಪಪತ್ನಿ ಎಂಬರ್ಥದ ‘ಶಿನ್‌ಚೊಪ್’ ಆಗುತ್ತದೆ. ಪದವಿಯೇನೋ ಏರಿದೆ, ಆದರೆ ಅವಳಿಗೆ ಸಿಕ್ಕಿದ್ದು ತನ್ನನ್ನು ಅವನ ಲೆಕ್ಕದಲ್ಲಿ ಹೇಳಿಕೊಳ್ಳುವ ಮತ್ತೊಂದು ಪದ, ಅಷ್ಟೇ. ಅವನು ಮಾತ್ರ ಮೊದಲಿನಿಂದ ಕೊನೆಯವರೆಗೆ ‘ದೊಗಿಮಾ’ ಎಂದು ಕರೆಯುತ್ತಾನೆ. ನಾವು ರಾಮನನ್ನು ‘ರಾಮಾ’ ಎಂದು ಕೂಗುವ ಹಾಗೆಯೇ ಅಲ್ಲಿಯೂ ಹೆಸರಿನ ತುದಿಗೆ ಆಪ್ತತೆಯ ಒಂದು ‘ಆ’ ಸೇರುತ್ತದೆ. ಆ ಹೆಸರು ಕೂಗುವ ಸಲಿಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. “ಅವಳು ಒಂದು ಸಲವಾದರೂ ಅವನನ್ನು ನೀನು ಎಂದು ಕರೆಯುತ್ತಾಳೇನೋ?” ಎಂದು ಅಮ್ಮ ಕೇಳಿದರು. ಇಲ್ಲ ಎಂದೆ. “ಹಾಗಾದರೆ ಅದೆಂಥ ಸಂಸಾರ?” ಎಂದರು. ಎಷ್ಟೋ ವಿಮರ್ಶೆಗಳಲ್ಲಿ ಕಾಣದ ಸಂಗತಿ ಅಮ್ಮನಿಗೆ ಸರ್ವನಾಮದಲ್ಲಿ ಸಿಕ್ಕಿತ್ತು.

ಇಷ್ಟು ಗಟ್ಟಿಯಾದ ಪ್ರಶ್ನೆ ಕೈಯಲ್ಲಿದ್ದೂ ಧಾರಾವಾಹಿ ಅದನ್ನು ಪೂರ್ತಿ ನಂಬಲಿಲ್ಲ. ನನ್ನ ಮುಖ್ಯ ತಕರಾರು ಇದೇ.

ಮಧ್ಯದ ಕಂತುಗಳಲ್ಲಿ ಗ್ವಾಂಗ್‌ಹಾನ್‌ಗುಂಗ್ ಎಂಬ ಗುಪ್ತ ಸಂಘ ಬರುತ್ತದೆ. ಅರಮನೆಯ ಊಳಿಗದ ಹೆಂಗಸರೇ ಕಟ್ಟಿಕೊಂಡ ಈ ಸಂಘ ಸಾನ್ ಸಿಂಹಾಸನ ಏರದಂತೆ ತಡೆಯಲು ಹೊರಡುತ್ತದೆ. ಇತಿಹಾಸದಲ್ಲಿ ಇಂಥ ಸಂಘವಿರಲಿಲ್ಲ, ಇದು ಕಲ್ಪನೆ. ಕಲ್ಪನೆಯಾಗಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಹಕ್ಕೇ ಇಲ್ಲದ ಹೆಂಗಸರು ಬದುಕಿಕೊಳ್ಳಲು ತಮ್ಮದೊಂದು ಬಲ ಕಟ್ಟಿಕೊಳ್ಳುವುದು ದೊಗಿಮ್‌ಳ ಪ್ರಶ್ನೆಗೇ ಇನ್ನೊಂದು ಉತ್ತರವಾಗಬಹುದಿತ್ತು. ಅದರ ಮುಖ್ಯಸ್ಥೆ ಜೊ ಸಾಂಗುಂಗ್ ಪಾತ್ರದಲ್ಲಿ ಪಾರ್ಕ್ ಜಿ-ಯಂಗ್ ಅಂಥ ಭಾರವನ್ನು ಹೊರಬಲ್ಲ ನಟಿ. ಒಬ್ಬಳು ಒಲ್ಲೆ ಎನ್ನುತ್ತ ತನ್ನನ್ನು ಉಳಿಸಿಕೊಳ್ಳಲು ನೋಡುತ್ತಾಳೆ, ಇನ್ನೊಬ್ಬಳು ಅಧಿಕಾರ ಹಿಡಿದು. ಇವರಿಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸಿದ್ದರೆ ಸಾಕಿತ್ತು. ಅದರ ಬದಲು ರಹಸ್ಯ ಸಭೆ, ಸಂಚು, ಕತ್ತಿ, ಕೊನೆಯ ಗಳಿಗೆಯಲ್ಲಿ ಓಡಿಬಂದು ಉಳಿಸುವುದು, ಹೀಗೆ ಹತ್ತು ಧಾರಾವಾಹಿಗಳಲ್ಲಿ ನೋಡಿದ್ದೇ ಬರುತ್ತದೆ. ದೊಗಿಮ್ ಆ ಭಾಗದಲ್ಲಿ ಯುವರಾಜನ ಪ್ರಾಣ ಕಾಯುವ ಚತುರೆಯಾಗುತ್ತಾಳೆ. ನೋಡಲು ಹುರುಪಿದೆ, ನಿಜ. ಆದರೆ ಅವಳ ಬುದ್ಧಿಯೆಲ್ಲ ಅವನ ಕಥೆಗೆ ಕೂಲಿಯಾಗಿ ದುಡಿಯತೊಡಗುತ್ತದೆ.

ಇದರ ಬೆಲೆ ತೆತ್ತದ್ದು ಕೊನೆಯ ಭಾಗ. ಸಾನ್ ಪಟ್ಟಕ್ಕೆ ಬರುವ ಹೊತ್ತಿಗೆ ಧಾರಾವಾಹಿ ಮೂರರಲ್ಲಿ ಎರಡು ಪಾಲು ಮುಗಿದಿದೆ. ಉಳಿದ ಐದಾರು ಕಂತುಗಳಲ್ಲಿ ಹತ್ತು ವರ್ಷಗಳ ಆಳ್ವಿಕೆ, ಆಪ್ತಮಿತ್ರ ಹೊಂಗ್ ದೊಕ್-ರೊನ ಪತನ, ಬೇರೆ ಉಪಪತ್ನಿಯರು, ದೊಗಿಮ್‌ಳ ಒಪ್ಪಿಗೆ, ಮಗು, ಮಗುವಿನ ಸಾವು, ಗೆಳತಿ ಯೊಂಗ್‌ಹಿಯ ದಂಡನೆ, ದೊಗಿಮ್‌ಳ ಸಾವು, ಎಲ್ಲವೂ ನಡೆಯಬೇಕು. ಗದ್ದೆಯಲ್ಲಿ ಬಿಡುಬೀಸಾಗಿ ಹರಿದ ನೀರನ್ನು ಕೊನೆಗೆ ಒಂದು ತೂಬಿನಲ್ಲಿ ತುರುಕಿದ ಹಾಗಾಗಿದೆ. ಹೊಂಗ್ ದೊಕ್-ರೊ ಇತಿಹಾಸದ ಹೊಂಗ್ ಗುಕ್-ಯೊಂಗ್. ರಾಜನ ಬಲಗೈಯಾಗಿದ್ದವನು 1779ರಲ್ಲಿ ಅಧಿಕಾರ ಕಳೆದುಕೊಂಡು 1781ರಲ್ಲಿ ಸತ್ತ. ನಟ ಕಾಂಗ್ ಹೂನ್ ಆ ನಗುಮುಖದ ಕೆಳಗೆ ಹಸಿವಿರುವ ಮನುಷ್ಯನನ್ನು ಎಷ್ಟು ಚೆನ್ನಾಗಿ ಕಟ್ಟಿದ್ದರೆಂದರೆ, ಅವನ ಪತನ ಅಷ್ಟು ಅವಸರದಲ್ಲಿ ಮುಗಿದದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ದೊಗಿಮ್ ಒಪ್ಪಿಕೊಳ್ಳುವ ಗಳಿಗೆಯ ವಿಷಯದಲ್ಲಿ. ಇಡೀ ಕಥೆ ಕಾದು ನಿಂತದ್ದು ಅದಕ್ಕಾಗಿ. ಅಷ್ಟು ವರ್ಷ ಗಟ್ಟಿಯಾಗಿ ನಿಂತವಳ ಒಳಗೆ ಏನು ಸಡಿಲಾಯಿತು ಎಂಬುದನ್ನು ನೋಡಲು ನಮಗೆ ಸಮಯವೇ ಸಿಗುವುದಿಲ್ಲ.

ರಾಜನೇ ಬರೆದಿಟ್ಟ ಆ ಶಿಕ್ಷೆ, ಅವಳ ಸೇವಕರ ಮೈಮೇಲೆ ಬಿದ್ದದ್ದು, ಅದರ ಭಾರವೂ ಧಾರಾವಾಹಿಯಲ್ಲಿ ಹಗುರಾಗಿದೆ. ತೆರೆಯ ಮೇಲಿನ ಸಾನ್ ಸಿಡುಕುತ್ತಾನೆ, ಗದರಿಸುತ್ತಾನೆ, ದೂರ ಕಳಿಸುತ್ತಾನೆ, ಆದರೂ ಒಟ್ಟಿನಲ್ಲಿ ಕಾಯುವ ಪ್ರೇಮಿಯಾಗಿಯೇ ಮನಸ್ಸಿನಲ್ಲಿ ಉಳಿಯುತ್ತಾನೆ. ಪ್ರೇಮಕಥೆಯ ನಾಯಕನನ್ನು ಪ್ರೇಕ್ಷಕರು ದ್ವೇಷಿಸಬಾರದು ಎಂಬ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ ಎರಡು ಶತಮಾನಗಳ ಹಿಂದೆ ಆ ಮನುಷ್ಯ ತನ್ನ ಬಗ್ಗೆ ತೋರಿದ ಪ್ರಾಮಾಣಿಕತೆಯಷ್ಟನ್ನು ಧಾರಾವಾಹಿ ತೋರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಪಟ್ಟದರಾಣಿ ಹ್ಯೊಉಯಿ. ಮೊದಲ ಸಲ ದೊಗಿಮ್ ಒಲ್ಲೆ ಎಂದದ್ದಕ್ಕೆ ಕಾರಣವಾಗಿ ಚರಮಬರಹ ಹೇಳುವುದು ಅವಳನ್ನೇ. ಎಳವೆಯಲ್ಲೇ ಸಾನ್‌ನ ಕೈಹಿಡಿದು, ಮಕ್ಕಳಿಲ್ಲದೆ, ಒಬ್ಬರಾದ ಮೇಲೊಬ್ಬರಂತೆ ಬಂದ ಉಪಪತ್ನಿಯರನ್ನು ನೋಡುತ್ತ ಬಾಳಿದವಳು. ಅವಳ ಮುಖ ನೋಡಿ ಇನ್ನೊಬ್ಬ ಹೆಣ್ಣು ಯುವರಾಜನ ಆಜ್ಞೆಯನ್ನು ಮೀರಿದಳು ಎಂಬುದು ಈ ಇಡೀ ವೃತ್ತಾಂತದ ಅತಿ ಸುಂದರವಾದ ಎಳೆ. ಧಾರಾವಾಹಿಯಲ್ಲಿ ರಾಣಿಯ ಹೆಸರು ಕಿವಿಗೆ ಬೀಳುತ್ತದೆ, ಅವಳೊಂದು ಪಾತ್ರವಾಗಿ ಬೆಳೆಯುವುದೇ ಇಲ್ಲ. ಬಹುಶಃ ನಾಯಕನಿಗೆ ಹೆಂಡತಿ ಇದ್ದಾಳೆಂಬುದು ನೆನಪಾದರೆ ಪ್ರೇಮದ ಬಣ್ಣ ಕೆಡುತ್ತದೆ ಎಂದುಕೊಂಡಿರಬೇಕು. ಹೆಣ್ಣಿನ ಒಪ್ಪಿಗೆಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಥೆ ಇನ್ನೊಬ್ಬ ಹೆಣ್ಣನ್ನು ಅಡ್ಡಿಯೆಂದು ಬದಿಗೆ ಸರಿಸಿದ್ದನ್ನು ನನಗೆ ಕ್ಷಮಿಸಲಾಗುತ್ತಿಲ್ಲ.

ಇದನ್ನು ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಕೊರಿಯಾದಲ್ಲಿ ಐತಿಹಾಸಿಕ ಧಾರಾವಾಹಿಗಳ ನಿಜಾಯಿತಿ ಬರಿಯ ಪಂಡಿತರ ಚರ್ಚೆಯಲ್ಲ. 2021ರ ಮಾರ್ಚಿನಲ್ಲಿ ‘ಜೋಸನ್ ಎಕ್ಸಾರ್ಸಿಸ್ಟ್’ ಎಂಬ ಧಾರಾವಾಹಿಯನ್ನು ಇತಿಹಾಸ ತಿರುಚಿದ ಆರೋಪದ ಮೇಲೆ ಎರಡೇ ಕಂತಿಗೆ ನಿಲ್ಲಿಸಬೇಕಾಯಿತು. ಜೋಸನ್ ರಾಜಪುತ್ರನ ಕಥೆಯಲ್ಲಿ ಚೀನೀ ತಿಂಡಿತಿನಿಸು ಬಡಿಸಿದ್ದೂ ಜನರ ಸಿಟ್ಟಿಗೆ ಒಂದು ಕಾರಣವಾಗಿತ್ತು. ಅಂಥ ಪೆಟ್ಟಿನ ನಂತರ ಸುರಕ್ಷಿತ ದಾರಿ ಎಂದರೆ ಹೆಸರು ಬದಲಿಸುವುದು. 2025ರಲ್ಲಿ ಬಂದ ‘ಬಾನ್ ಅಪೆಟಿಟ್, ಯುವರ್ ಮೆಜೆಸ್ಟಿ’ ನಿರಂಕುಶ ದೊರೆ ಯೊನ್‌ಸಾನ್‌ಗುನ್‌ನ ಛಾಯೆಯಲ್ಲಿ ಹುಟ್ಟಿದರೂ ಅವನಿಗೆ ಯೊನ್‌ಹಿಗುನ್ ಎಂಬ ಬೇರೆ ಹೆಸರಿಟ್ಟುಕೊಂಡಿತು. ಹೆಸರು ಬದಲಾದರೆ ಪ್ರೇಮಕ್ಕೆ ರೆಕ್ಕೆ ಬರುತ್ತದೆ, ಹೊಣೆ ಕಳಚಿಬೀಳುತ್ತದೆ. ‘ದಿ ರೆಡ್ ಸ್ಲೀವ್’ ಅದೇ 2021ರ ಕೊನೆಯಲ್ಲಿ ನಿಜವಾದ ರಾಜನನ್ನು, ನಿಜವಾದ ಹೆಸರುಗಳನ್ನು ಇಟ್ಟುಕೊಂಡೇ ಬಂತು. ಆ ಧೈರ್ಯಕ್ಕಾಗಿ ಅದನ್ನು ಮೆಚ್ಚುತ್ತೇನೆ. ಆ ಧೈರ್ಯ ತೋರಿದ್ದರಿಂದಲೇ ಅದಕ್ಕೆ ಗಟ್ಟಿ ಅಳತೆಗೋಲು ಹಿಡಿಯುತ್ತೇನೆ.

ಇದೇ ವಾಹಿನಿ 2007–08ರಲ್ಲಿ ‘ಯಿ ಸಾನ್’ ಎಂಬ 77 ಕಂತುಗಳ ಧಾರಾವಾಹಿಯಲ್ಲಿ ಇದೇ ಜೋಡಿಯ ಕಥೆ ಹೇಳಿತ್ತು. ಅಲ್ಲಿ ನಾಯಕಿಯ ಹೆಸರು ಸೊಂಗ್‌ಯೊನ್, ಕೆಲಸ ಅರಮನೆಯ ಚಿತ್ರಶಾಲೆಯಲ್ಲಿ. ಕಥೆಯ ಕೇಂದ್ರದಲ್ಲಿದ್ದವನು ರಾಜ, ಅವನ ಸುಧಾರಣೆ, ಅವನ ಶತ್ರುಗಳು. ಹದಿನಾಲ್ಕು ವರ್ಷಗಳಲ್ಲಿ ನೋಟ ರಾಜನಿಂದ ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವಳ ಕಡೆಗೆ ತಿರುಗಿದೆ. ನಿರ್ದೇಶಕಿ ಜಂಗ್ ಜಿ-ಇನ್ ಮುಂದೆ 2024ರಲ್ಲಿ ಹೆಂಗಸರದೇ ಗಾಯನ ನಾಟಕ ಮಂಡಳಿಯ ಕಥೆಯಾದ ‘ಜೊಂಗ್‌ನ್ಯೊನ್’ ಮಾಡಿದರು. ಹೆಂಗಸರು ಹೆಂಗಸರ ನಡುವೆ ಇರುವಾಗಿನ ಬೆಳಕು ಅವರ ಕ್ಯಾಮೆರಾಕ್ಕೆ ಚೆನ್ನಾಗಿ ಗೊತ್ತು. ದೊಗಿಮ್‌ಳ ಕೋಣೆಯಲ್ಲಿ ನಾಲ್ವರು ಗೆಳತಿಯರು ನಗುವ ದೃಶ್ಯಗಳನ್ನು ಮತ್ತೆ ನೋಡಿದಾಗೆಲ್ಲ ಅದು ಕಾಣುತ್ತದೆ.

ಆ ಬೆಳಕು ಕೊನೆಯ ಕಂತಿನಲ್ಲಿ ಒಮ್ಮೆ ಮರಳಿ ಬರುತ್ತದೆ. ದೊಗಿಮ್ ಹೋಗಿ ವರ್ಷಗಳಾಗಿವೆ. ನಾಲ್ವರಲ್ಲಿ ಒಬ್ಬಳಾದ ಕ್ಯೊಂಗ್‌ಹಿ ಈಗ ಊಳಿಗದವರಿಗೆಲ್ಲ ಹಿರಿಯಳು. ದೊಗಿಮ್ ಬಿಟ್ಟುಹೋದ ವಸ್ತುಗಳನ್ನು ಜೋಪಾನ ಮಾಡಿದ್ದ ಅವಳು ಅವನ್ನು ರಾಜನಿಗೆ ಒಪ್ಪಿಸುತ್ತಾಳೆ. ಅದರಲ್ಲಿ ಕೆಂಪು ಅಂಚಿನ ತೋಳಿನ ಹಳೆಯ ಉಡುಗೆ ಇದೆ. ಅವನು ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಎಷ್ಟು ಚಿಕ್ಕದು! ಇಷ್ಟು ಪುಟ್ಟ ದೇಹದವಳೇ ಅವಳು ಎಂದು ಅವನಿಗೆ ಅಂದು ಹೊಳೆಯುತ್ತದೆ. ರಾಜ್ಯದ ಲೆಕ್ಕವನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವನಿಗೆ ಅವಳ ಅಳತೆ ಗೊತ್ತಾಗಲು ಅವಳು ಇಲ್ಲವಾಗಬೇಕಾಯಿತು. ಇಡೀ ಧಾರಾವಾಹಿಯಲ್ಲಿ ಕತ್ತಿ ಹಿಡಿದ ಯಾವ ದೃಶ್ಯಕ್ಕೂ ಈ ಬಟ್ಟೆ ಹಿಡಿದ ದೃಶ್ಯದ ಬಲವಿಲ್ಲ.

ನಿಜವಾದ ದೊಗಿಮ್ 1786ರ ಬೇಸಿಗೆಯಲ್ಲಿ ದಡಾರಕ್ಕೆ ನಾಲ್ಕು ವರ್ಷದ ಮಗ ಮುನ್‌ಹ್ಯೊನನ್ನು ಕಳೆದುಕೊಂಡಳು. ಕೆಲವೇ ತಿಂಗಳಲ್ಲಿ, ತುಂಬು ಬಸುರಿಯಾಗಿದ್ದಾಗ, ತಾನೂ ಹೋದಳು. ರಾಜ ಅವಳನ್ನು ಮಗನ ಸಮೀಪದಲ್ಲೇ ಮಣ್ಣು ಮಾಡಿಸಿದ. ಇಂದಿನ ಸೋಲ್ ನಗರದ ಹ್ಯೊಚಾಂಗ್ ಉದ್ಯಾನ ಆ ಜಾಗ. ಜಪಾನಿನ ಆಳ್ವಿಕೆಯ ಕಾಲದಲ್ಲಿ, 1944ರಲ್ಲಿ, ಎರಡೂ ಸಮಾಧಿಗಳನ್ನು ಕಿತ್ತು ಗೋಯಾಂಗ್‌ನ ಸೊಸಾಮ್ನುಂಗ್ ರಾಜಸಮಾಧಿಗಳ ಆವರಣಕ್ಕೆ ಸಾಗಿಸಿದರು. ಮಗನದು ಒಂದು ಕಡೆ, ತಾಯಿಯದು ಉಪಪತ್ನಿಯರ ಸಾಲಿನಲ್ಲಿ ಇನ್ನೊಂದು ಕಡೆ. ಜೋಂಗ್ಜೊ ಮಲಗಿರುವುದು ದೂರದ ಹ್ವಾಸೊಂಗ್‌ನಲ್ಲಿರುವ ಗೊಲ್ಲುಂಗ್‌ನಲ್ಲಿ. ಅಲ್ಲಿ ಅವನ ಜೊತೆ ಅದೇ ದಿಬ್ಬದ ಕೆಳಗೆ, ಅವನು ಹೋಗಿ ಇಪ್ಪತ್ತೊಂದು ವರ್ಷಗಳ ನಂತರ ತೀರಿಕೊಂಡ ರಾಣಿ ಹ್ಯೊಉಯಿ ಮಲಗಿದ್ದಾಳೆ.